ಕೂಸಿನ ಹಿಟ್ಟು ಸೋಸಿದ ಅರಿವಿ

ಆಗ ನನಗೆ ಇಪ್ಪತ್ತೊಂದು ವರ್ಷ. ಇದಾಗಿ ಐವತ್ನಾಲ್ಕು ವರ್ಷವಾಯಿತು. ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದ ಒಬ್ಬ ಹೆಂಗಸನ್ನು ನಾನು ಎರಡು ಮಾತಿನಲ್ಲಿ ಕುರುಡಿ ಮಾಡಿದೆ. ಆಕೆ ನನ್ನ ಮಾವನ ತಮ್ಮನ ಹೆಂಡತಿ, ಗಂಡ ಸತ್ತವರು. ಮನೆಯಲ್ಲೆಲ್ಲ ಅವರನ್ನು ಕಾಕು ಎನ್ನುತ್ತಿದ್ದೆವು. ಹೇಳಲು ಶುರು ಮಾಡಿದ್ದೇನೆ, ಮುಗಿಸುತ್ತೇನೆ. ನಡುವೆ ಅಳುವುದಿಲ್ಲ — ನನಗೆ ಆ ರೂಢಿ ಇಲ್ಲ.

ನಮ್ಮದು ಧಾರವಾಡದ ಕಡೆಯ ಮನೆ. ಮಾವ ಪುಣೆಯ ಒಂದು ಕಚೇರಿಯಲ್ಲಿ ಕಾರಕೂನರು. ನಾರಾಯಣ ಪೇಠೆಯ, ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ ಹಿಂದಿನ ಮೂರು ಖೋಲಿ ನಮ್ಮವು. ನನ್ನ ಮೊದಲ ಎರಡು ಕೂಸು ಆ ಖೋಲಿಗಳಲ್ಲೇ ಹೋದವು. ಎರಡೂ ಎದೆಹಾಲು ಬಿಟ್ಟು ಗಂಜಿಗೆ ಬರುವ ಹೊತ್ತಿನಲ್ಲಿ, ಹೊಟ್ಟೆ ಹರಿದು, ಭೇದಿಯಾಗಿ. ಮೂರನೆಯವಳು ಸುಂದ್ರಿ. ಅವಳಿಗೆ ಏಳನೆಯ ತಿಂಗಳು ನಡೆದಾಗ ನನ್ನ ಹಾಲು ಬತ್ತಿತು. ಅತ್ತೆ ಕೂಸಿಗೆ ಬೆಳ್ಳಿ ಕಡಗ ಮಾಡಿಸುವವರಿದ್ದರು; ಹಾಲು ಬತ್ತಿತೆಂದು ಕೇಳಿದ ಮೇಲೆ “ಇರಲಿ, ನೋಡೋಣು” ಎಂದರು. ಏನನ್ನು ನೋಡುವುದು ಎಂದು ನನಗೆ ಗೊತ್ತಿತ್ತು.

ಈಗ ಹಿಟ್ಟಿನ ಮಾತು. ಇದರಲ್ಲಿ ನನಗೆ ಸಂಕೋಚವಿಲ್ಲ. ಕೂಸಿನ ಹಿಟ್ಟು ಮಾಡುವುದರಲ್ಲಿ ನನ್ನ ಸಮ ಆ ಪೇಠೆಯಲ್ಲಿ ಯಾರೂ ಇರಲಿಲ್ಲ. ಇವತ್ತು ಮೊಮ್ಮಗನ ಹೆಂಡತಿ, ಕಾಲೇಜು ಓದಿದವಳು, ನನ್ನೆದುರು ಕಾಗದ ಹಿಡಿದು ಕುಳಿತು “ಹೇಳ್ರಿ ಅಜ್ಜಿ” ಎನ್ನುತ್ತಾಳೆ. ಹೇಳುತ್ತೇನೆ. ರಾಗಿಯನ್ನು — ಪುಣೆಯವರು ನಾಚಣಿ ಎನ್ನುತ್ತಾರೆ — ಏಳು ನೀರಿನಲ್ಲಿ ತೊಳೆಯಬೇಕು. ಏಳನೆಯ ನೀರು ಕುಡಿಯುವಂತಿರಬೇಕು. ನೆನೆಹಾಕಿ, ಬಸಿದು, ಗಂಟು ಕಟ್ಟಿಡಬೇಕು. ಮೊಳಕೆ ಸಾಸಿವೆಯಷ್ಟು ಬಂದಾಗ ಬಿಚ್ಚಬೇಕು. ಉದ್ದ ಬಿಟ್ಟರೆ ಕಹಿ. ನೆರಳಲ್ಲಿ ಒಣಗಿಸಬೇಕು, ಬಿಸಿಲಿಗೆ ಹಾಕುವವಳು ಸೋಮಾರಿ. ಅಂಗೈಯಲ್ಲಿ ತಿಕ್ಕಿ ಬೇರು ಉದುರಿಸಿ, ಸಣ್ಣ ಉರಿಯಲ್ಲಿ ಪಾಕದ ವಾಸನೆ ಬರುವತನಕ ಹುರಿಯಬೇಕು, ಒಂದು ಉಸಿರೂ ಹೆಚ್ಚಲ್ಲ. ಬೀಸಿದ ಹಿಟ್ಟನ್ನು ಚೀನಿ ಮಣ್ಣಿನ ಭರಣಿಯಲ್ಲಿ ತುಂಬಿ, ಮೇಲೆ ಒಂದು ಬೆರಳು ಬಜೆಬೇರು ಇಟ್ಟರೆ ಹುಳ ಬರುವುದಿಲ್ಲ. ಭರಣಿ ಒಲೆಯ ಹಿಂದಿನ ಗೂಡಿನಲ್ಲಿ ಬೆಚ್ಚಗಿರಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಮುಗಿಸಬೇಕು. ಒದ್ದೆ ಚಮಚ ಹಾಕಿದವಳ ಕೈ ಮುರಿಯಬೇಕು.

ಇಷ್ಟೆಲ್ಲ ಮಾಡಿಯೂ ಸುಂದ್ರಿಗೆ ಹೊಟ್ಟೆ ಹರಿಯಿತು.

ನಾನು ಹಿಟ್ಟನ್ನು ನಾಲಿಗೆಯ ಮೇಲೆ ಹಾಕಿ ನೋಡಿದೆ. ಹಲ್ಲಿಗೆ ಸಿಕ್ಕಿತು — ರಾಗಿಯ ಸಿಪ್ಪೆ. ದೊಡ್ಡವರ ರೊಟ್ಟಿಗೆ ಅದು ಏನೂ ಅಲ್ಲ. ಕೂಸಿನ ಕರುಳಿಗೆ ಅದು ಮರಳು. ಜರಡಿಯಲ್ಲಿ ಅದು ನಿಲ್ಲುವುದಿಲ್ಲ. ಪಾತ್ರೆಯ ಬಾಯಿಗೆ ಅರಿವಿ ಕಟ್ಟಿ, ಮೇಲೆ ಹಿಟ್ಟು ಹಾಕಿ, ಅಂಗೈಯಿಂದ ಸವರಿ ಸವರಿ ಇಳಿಸಬೇಕು. ವಸ್ತ್ರಗಾಳ ಎನ್ನುತ್ತಾರೆ. ನಾನೂ ಕಟ್ಟಿದ್ದೆ — ಗಂಡನ ಹಳೆಯ ಧೋತರ. ಅದರ ನೇಯ್ಗೆ ಸಡಿಲ, ಸಿಪ್ಪೆಯೂ ಇಳಿಯಿತು. ನನ್ನ ಇಳಕಲ್ ಸೀರೆಯ ತುಂಡು ಕಟ್ಟಿದೆ. ಅದು ಬಿಗಿ, ಹಿಟ್ಟೇ ಇಳಿಯಲಿಲ್ಲ. ಬೇಕಾದದ್ದು ದಿನಾ ಒಗೆದು ಒಗೆದು ಸವೆದ, ಆದರೂ ತೂತು ಬೀಳದ ಅರಿವಿ. ಅಂಥದ್ದು ಮನೆಯಲ್ಲಿ ಒಂದೇ ಇತ್ತು. ಕಾಕುವಿನ ಮೈಮೇಲೆ.

ಕಾಕುವಿಗೆ ತಲೆ ಬೋಳಿಸಿದ್ದರು. ಕೆಂಪು ಸೀರೆ, ಇದ್ದದ್ದು ಎರಡೇ. ಒಂದು ಉಟ್ಟರೆ ಒಂದು ಒಣಗುತ್ತಿತ್ತು. ಮಡಿಯೆಂದು ದಿನಕ್ಕೆ ಎರಡು ಸಲ ಒಗೆದು, ಹಳೆಯದರ ಬಣ್ಣ ಇಟ್ಟಂಗಿಯ ಪುಡಿಯಂತಾಗಿತ್ತು. ಅದರ ಸೆರಗಿನಲ್ಲಿ ಬೆಳಕು ದಾಟುತ್ತಿತ್ತು, ಬೆರಳು ದಾಟುತ್ತಿರಲಿಲ್ಲ.

ಕೇಳಬಹುದಿತ್ತಲ್ಲ ಎನ್ನುತ್ತೀರಿ. ಎರಡು ಕೂಸು ಹೋದ ಮನೆಯಲ್ಲಿ ಮೂರನೆಯ ಕೂಸಿನ ಬಾಯಿಗೆ ವಿಧವೆಯ ಸೀರೆಯಲ್ಲಿ ಸೋಸಿದ್ದನ್ನು ಹಾಕುತ್ತೇನೆ ಎಂದರೆ ಅತ್ತೆ ನನ್ನನ್ನೇ ಹೊರಗೆ ಹಾಕುತ್ತಿದ್ದರು. ಕಾಕುವೂ ಕೊಡುತ್ತಿರಲಿಲ್ಲ. ಬೆಳಗ್ಗೆ ಕೂಸಿನ ಎದುರು ಬರಬಾರದೆಂದು ಅವರೇ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದರು. ಕೇಳಿದ್ದರೆ ಪ್ರೀತಿಯಿಂದ ಹರಿದು ಕೊಡುತ್ತಿದ್ದರು ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ.

ಆಷಾಢದ ಮಳೆ. ಹೊರಗೆ ಒಣಗುವುದಿಲ್ಲವೆಂದು ಕಾಕು ಸೀರೆಯನ್ನು ಒಲೆಯ ಮೇಲಿನ ಗಳಕ್ಕೆ, ಕೋಲಿನಿಂದ, ಹಾಕಿ ಪುರಾಣ ಕೇಳಲು ಹೋಗಿದ್ದರು. ಅತ್ತೆ ಮಲಗಿದ್ದರು. ನಾನು ಸೆರಗನ್ನು ಎಳೆದುಕೊಂಡು ಈಳಿಗೆಯಲ್ಲಿ ಒಂದು ಮೊಳ ಕೊಯ್ದೆ. ಸೀರೆಯ ಕೊಯ್ದ ಅಂಚಿಗೆ ಉದ್ದಕ್ಕೂ ಕೆಂಡ ಮುಟ್ಟಿಸಿದೆ, ತಾನೇ ಸುಟ್ಟಿತೆಂದು ಕಾಣುವಂತೆ ಒಲೆಯ ಮೇಲೆ ಇಳಿಬಿಟ್ಟೆ. ಕೊಯ್ಯುವಾಗ ಒಂದೇ ಲೆಕ್ಕ ಹಾಕಿದ್ದೆ — ಪಾತ್ರೆಯ ಬಾಯಿಗೆ ಎಷ್ಟು ಬೇಕು ಎಂದು.

ಸುಟ್ಟ ವಾಸನೆಗೆ ಅತ್ತೆ ಎದ್ದು ಬಂದರು. ಅಷ್ಟರಲ್ಲಿ ಕಾಕುವೂ ಬಂದರು.

“ನಾ ಗಳದ ನಡುವ ಹಾಕಿದ್ದೆ, ಅಕ್ಕಾ. ಸೆರಗು ಮ್ಯಾಲ ಮಡಚಿ ಹಾಕಿದ್ದೆ.”

“ಹಂಗಾರ ಸೆರಗು ತಾನಽ ಇಳದು ಬಂದು ಒಲಿಗೆ ನಮಸ್ಕಾರ ಮಾಡಿತೇನು?” ಎಂದರು ಅತ್ತೆ. ಆಮೇಲೆ ಅಂಚನ್ನು ಹಿಡಿದು ನೋಡಿದರು. ಮತ್ತೆ ನೋಡಿದರು. “ಅಲ್ಲಾ... ಸುಟ್ಟದ್ದು ಇಷ್ಟು ನೆಟ್ಟಗ ಹೆಂಗ ಸುಡತದ?”

ಅವರ ಕಣ್ಣು ನನ್ನ ಕಡೆ ತಿರುಗುತ್ತಿತ್ತು. ತಿರುಗಿ ಮುಗಿಯುವ ಮುಂಚೆ ನಾನು ಹೇಳಿದೆ —

“ಕಾಕೂಗ ಕಣ್ಣು ಕಾಣಂಗಿಲ್ಲರಿ. ನಿನ್ನಿನೂ ಹಿಂಗಽ ಇಳೇಬಿಟ್ಟಿದ್ರು, ನಾನಽ ಕೋಲಿಲೆ ಸರಿಸೇನಿ.”

ಕಾಕು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ನೆನಪು ಮಾಡಿಕೊಳ್ಳುವವರ ಮುಖ. “ಹೌದೇನವಾ? ನಿನ್ನಿನೂ?”

“ಹೌದ್ರಿ.”

“ನಾಳಿಂದ ಒಲಿ ಮುಂದ ಬರಬ್ಯಾಡ ಮಾರಾಯ್ತಿ,” ಎಂದರು ಅತ್ತೆ, “ವಾಡೇನಽ ಸುಟ್ಟೀ.”

ಅಷ್ಟೇ. ಅದು ಎಷ್ಟು ದೊಡ್ಡದು ಎಂದು ನಿಮಗೆ ತಿಳಿಯಬೇಕಾದರೆ ಇದನ್ನು ಕೇಳಿ. ಇಪ್ಪತ್ತೆಂಟು ವರ್ಷ ಆ ಮನೆಯ ದೇವರ ಅಡುಗೆ ಕಾಕುವಿನದು. ಧಾರವಾಡದಿಂದ ಬಂದ ನೆಂಟರು ಕೈಕಾಲು ತೊಳೆಯುವ ಮುಂಚೆ “ಹುಳಿ ಕಾಕೂನಽ ಮಾಡ್ಯಾರಿಲ್ಲೋ?” ಎಂದು ಕೇಳುತ್ತಿದ್ದರು. ಹಬ್ಬಕ್ಕೆ ಇಲ್ಲ, ಮದುವೆಗೆ ಇಲ್ಲ, ಮುತ್ತೈದೆಯರ ಸಾಲಿನಲ್ಲಿ ಇಲ್ಲ — ಆ ಹೆಂಗಸಿಗೆ ಇದ್ದದ್ದು ಆ ಒಲೆಯ ಮುಂದಿನ ಮಣೆ ಒಂದೇ. ಅದನ್ನು ತೆಗೆದದ್ದು ನಾನು.

ತುಂಡನ್ನು ಬೂದಿನೀರಿನಲ್ಲಿ ಕುದಿಸಿದೆ. ಉಳ್ಳಾಗಡ್ಡಿಯ ಸಿಪ್ಪೆಯ ಬಣ್ಣಕ್ಕೆ ಬಂತು. ತವರಿನಿಂದ ತಂದದ್ದು ಎಂದೆ. ಪಾತ್ರೆಗೆ ಕಟ್ಟಿ ಹಿಟ್ಟು ಸವರಿದೆ — ಏನು ಇಳಿಯಿತು ಅಂತೀರಿ! ಬೆರಳ ನಡುವೆ ಹಿಡಿದರೆ ಹಿಡಿದದ್ದೇ ಗೊತ್ತಾಗದು. ಹಾಲಿನಲ್ಲಿ ಕಾಯಿಸಿದರೆ ಗಂಟಿಲ್ಲ, ರೇಷ್ಮೆ. ಸುಂದ್ರಿ ಬಟ್ಟಲು ನೆಕ್ಕಿದಳು. ನಾಲ್ಕನೆಯ ದಿನಕ್ಕೆ ಹೊಟ್ಟೆ ಹರಿಯುವುದು ನಿಂತಿತು, ತಿಂಗಳಿಗೆ ತೊಡೆಯಲ್ಲಿ ಮಡಿಕೆ ಬಿತ್ತು. ಅತ್ತೆ ಕಡಗ ಮಾಡಿಸಿದರು. ಕೂಸಿನ ದುಂಡು ಕೈಗೆ ಮೊದಲ ಕಡಗ ಬಿಗಿಯಾಗಿ ಇನ್ನೊಂದು ಮಾಡಿಸಬೇಕಾಯಿತು! ವಾಡೆಯ ಮರಾಠಿ ಹೆಂಗಸರು ಬಟ್ಟಲು ಹಿಡಿದು ಬರತೊಡಗಿದರು — “ವಹಿನಿ, ತುಮಚಂ ನಾಚಣೀಚಂ ಪೀಠ ದ್ಯಾ ನಾ ಥೋಡಂ.” ನಿಮ್ಮ ರಾಗಿ ಹಿಟ್ಟು ಒಂದಿಷ್ಟು ಕೊಡಿ ಎಂದು. ಕೊಟ್ಟೆ. ಆ ವಾಡೆಯಲ್ಲಿ ಆಮೇಲೆ ಹುಟ್ಟಿದ ಕೂಸುಗಳೆಲ್ಲ ನನ್ನ ಭರಣಿಯಿಂದ ಉಂಡವು, ಹೊಟ್ಟೆ ಹರಿದು ಒಂದೂ ಹೋಗಲಿಲ್ಲ. ಸುಂದ್ರಿ ಇವತ್ತಿಗೂ ಪರ್ವತಿ ಗುಡ್ಡದ ಮೆಟ್ಟಿಲು ನಿಲ್ಲದೆ ಹತ್ತುತ್ತಾಳೆ, ಅವಳ ಸೊಸೆಯಂದಿರು ಅರ್ಧದಲ್ಲಿ ಕೂರುತ್ತಾರೆ. ಇದರ ಹೆಮ್ಮೆಯನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ತಪ್ಪು ಮಾಡಿದವಳು ಹೆಮ್ಮೆ ಪಡಬಾರದು ಎನ್ನುವವರು ಎರಡು ಕೂಸನ್ನು ಮಣ್ಣಿಗೆ ಹಾಕಿ ಬಂದು ಮಾತಾಡಲಿ.

ಆದರೆ ಕಾಕು —

ಮೊದಲು ಸೆರಗು. ಒಂದು ಮೊಳ ಕಡಿಮೆಯಾಗಿ ಅದು ತಲೆಗೆ ಸಾಲದಾಯಿತು. ಗಂಡಸರು ಬಂದಾಗ ಒಂದು ಕೈಯಿಂದ ಎಳೆದು ಹಿಡಿದೇ ನಿಲ್ಲುತ್ತಿದ್ದರು. ಮಾವ ದೀಪಾವಳಿಗೆ ಹೊಸದು ತಂದರು, ಅದು ಸರಿಹೋಯಿತು. ಕಣ್ಣು ಸರಿಹೋಗಲಿಲ್ಲ. ಯಾರು ಉಪ್ಪು ಚೆಲ್ಲಿದರೂ “ಕಾಕೂಗ ಕಾಣಂಗಿಲ್ಲ.” ಬೆಕ್ಕು ಹಾಲು ಉರುಳಿಸಿದರೂ “ಕಾಕೂಗ ಕಾಣಂಗಿಲ್ಲ.” ಶ್ರಾವಣ ಮುಗಿಯುವುದರೊಳಗೆ ಅವರು ಗೋಡೆ ಹಿಡಿದು ನಡೆಯತೊಡಗಿದರು. ಹೊಸ್ತಿಲ ಹತ್ತಿರ ನಿಂತು ಕಾಲಿನಿಂದ ತಡವಿ ದಾಟುತ್ತಿದ್ದರು. ಕಣ್ಣಲ್ಲಿ ಪೊರೆ ಇಲ್ಲ, ಏನಿಲ್ಲ — ಒಂದು ಮಾತು ಇತ್ತು, ನನ್ನದು.

ಸುಮ್ಮನೆ ಕೂರುವುದು ಬೇಡವೆಂದು ನಾನೇ ಅವರಿಗೆ ರಾಗಿ ಬೀಸುವ ಕೆಲಸ ಕೊಡಿಸಿದೆ. “ಬೀಸಲಿಕ್ಕೆ ಕಣ್ಣ್ಯಾಕ ಬೇಕರಿ ಅತ್ತಿ?” ಎಂದೆ. ದಯೆ ಮಾಡಿದೆನೆಂದೇ ಅಂದುಕೊಂಡಿದ್ದೆ. ಅವರು ಬೀಸಿದಷ್ಟು ಸಣ್ಣಗೆ ನನಗೆ ಬೀಸಲು ಬರುತ್ತಿರಲಿಲ್ಲ, ಅದೂ ನಿಜ. ಅವರ ಎದುರಿಗೆ ಮಾತ್ರ ಎಂದೂ ಸೋಸಲಿಲ್ಲ.

ಕಾರ್ತಿಕದ ಒಂದು ಮಧ್ಯಾಹ್ನ. ಮೊರದಲ್ಲಿ ರಾಗಿ ಹರಡಿಕೊಂಡು ಕುಳಿತಿದ್ದರು. ಇದ್ದಕ್ಕಿದ್ದಂತೆ ಬಾಗಿ ಒಂದು ಕಲ್ಲು ಎತ್ತಿದರು — ರಾಗಿಯಷ್ಟೇ ಸಣ್ಣದು, ರಾಗಿಯದೇ ಬಣ್ಣ. ನನಗೇ ಕಂಡಿರಲಿಲ್ಲ. ಬೆರಳ ತುದಿಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

“ಅವತ್ತ ಆ ಗಳದ್ದು... ನೀ ಖರೇನಽ ನೋಡಿದ್ದೇನವಾ? ನನಗ ಒಮ್ಮೊಮ್ಮೆ ಎಲ್ಲಾ ಕಾಣತದ ಅನಸತದ. ಇದು ನೋಡು, ಕಲ್ಲು. ಕಂಡಿತಲ್ಲ? ನೀ ಹೇಳು. ನೀ ಹೇಳಿದ್ದ ನಂಬತೀನಿ.”

ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ಖೋಲಿಯಲ್ಲಿ ನಾವಿಬ್ಬರೇ, ಆಡುತ್ತಿದ್ದ ಸುಂದ್ರಿ. ಹೇಳಿಬಿಡಬಹುದಿತ್ತು. ಕೂಸು ಬದುಕಿತ್ತು, ಕೆಲಸ ಆಗಿತ್ತು. ಆದರೆ ಹೇಳಿದರೆ ಅರಿವಿಯ ಮಾತು ಬರುತ್ತದೆ, ಅರಿವಿ ಹೋಗುತ್ತದೆ, ವಾಡೆಯ ಹೆಂಗಸರು ಬಟ್ಟಲು ಹಿಡಿದು ಬರುವುದು ನಿಲ್ಲುತ್ತದೆ — ಹೌದು, ಅದೂ ಮನಸ್ಸಿನಲ್ಲಿತ್ತು. ಮೊದಲ ಸುಳ್ಳು ಕೂಸಿಗಾಗಿ. ಇದು ನನಗಾಗಿ.

“ವಯಸ್ಸಾತಲ್ಲರಿ ಕಾಕು,” ಎಂದೆ. “ಬೆರಳಿಗೆ ಹತ್ತಿದ್ದು ಕಣ್ಣಿಗೆ ಕಂಡ್ಹಂಗ ಅನಸತದ.”

ಅವರು “ಹಂಗಽ ಇರಬೇಕು” ಎಂದರು. ಕಲ್ಲನ್ನು ಎಲ್ಲಿ ಹಾಕಬೇಕೆಂದು ತಿಳಿಯದವರಂತೆ ನೆಲ ತಡವಿದರು. ಆಮೇಲೆ ಒಂಬತ್ತು ವರ್ಷ ಬದುಕಿದರು. ಒಲೆಯ ಮುಂದೆ ಮತ್ತೆ ಕೂರಲಿಲ್ಲ. ಮತ್ತೆ ಕೇಳಲೂ ಇಲ್ಲ. ನಾನು ಹೇಳಲೂ ಇಲ್ಲ.

ಅವರು ಹಾಗೆ ಕೇಳಿದ ಮರುದಿನ ಬೆಳಗ್ಗೆ ಎದ್ದು, ಹುರಿದ ರಾಗಿಯನ್ನು ಬೀಸುವ ಕಲ್ಲಿನ ಪಕ್ಕ ಇಟ್ಟೆ. ಕಾಕು ಬಂದು ಕುಳಿತರು. ಬಾಗಿಲಿನಿಂದ ಬೆಳಕು ಚೆನ್ನಾಗಿ ಬಿದ್ದಿತ್ತು. ಕಲ್ಲಿನ ಗೂಟ ಅವರ ಕಣ್ಣೆದುರಿಗೇ ಇತ್ತು, ಅವರು ಅದನ್ನೇ ನೋಡುತ್ತಿದ್ದರು. ಆದರೂ ನಾನು ಅವರ ಮಣಿಕಟ್ಟು ಹಿಡಿದು, ಕುರುಡರ ಕೈ ಹಿಡಿದಂತೆ ಹಿಡಿದು, ಗೂಟದ ಮೇಲೆ ಇಟ್ಟೆ.