ಫೋಟೋಗೆ ನಿಲ್ಲದ ಹೆಂಗಸರು

ನಮ್ಮ ಹಳ್ಳಿಗೆ ಸೋಲಾರ್ ಘಟಕ ತರುವ ಬಗ್ಗೆ ಜನರ ಅಭಿಪ್ರಾಯ ಕೇಳುತ್ತೇವೆಂದು ನಮ್ಮನ್ನು ಮಂಗಳೂರಿಗೆ ಕರೆಸಿದ್ದರು. ಅಲ್ಲಿನ ಬಿಜೈ ಬಡಾವಣೆಯ ಸಭಾಂಗಣದಲ್ಲಿ ನಾವು ಹೆಂಗಸರು ಒಟ್ಟಿಗೆ ಕುಳಿತೆವು. ಪರದೆಯ ಮೇಲೆ ನಕ್ಷೆ ಬಂತು. ದನ ಮೇಯುವ, ಮಕ್ಕಳು ಆಡುವ ನಮ್ಮ ಒಂದೇ ಬಯಲನ್ನು ಅದರಲ್ಲಿ ಪೂರ್ತಿ ಸೋಲಾರ್ ಫಲಕಗಳಿಂದ ಮುಚ್ಚಿಬಿಟ್ಟಿದ್ದರು. ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಚಪ್ಪಾಳೆಯಾದ ಮೇಲೆ ಅಧಿಕಾರಿ ಕರೆದರು: “ಎಲ್ಲರೂ ಬನ್ನಿ, ಒಂದು ಗ್ರೂಪ್ ಫೋಟೋ.”

ಎದ್ದ ನನ್ನನ್ನು ಪಕ್ಕದ ಮನೆಯ ಅಕ್ಕ ಕೈ ಹಿಡಿದು ಕೂರಿಸಿದರು. “ಮಾತಿಗೆ ಬೇಡ, ಫೋಟೋಕ್ಕೆ ಮಾತ್ರ ನಾವು ಬೇಕಾ? ಏಳ್ಬೇಡ ಮಾರಾಯ್ತಿ.”

ನಾನು ಕೂತಲ್ಲಿಂದಲೇ ಅಧಿಕಾರಿಯ ಕಡೆ ತಿರುಗಿದೆ. ಗಟ್ಟಿಯಾಗಿಯೇ ಹೇಳಿದೆ: “ಬಯಲು ಕೊಡುವುದಿಲ್ಲ ಸರ್. ಶಾಲೆಯ ಟೆರೇಸ್ ಉಂಟು, ಹಾಲಿನ ಸೊಸೈಟಿಯದ್ದು ಉಂಟು. ಅಲ್ಲಿ ಹಾಕಿ.”

“ಅದೆಲ್ಲ ಆಮೇಲೆ ನೋಡುವ ಅಮ್ಮ. ಊಟಕ್ಕೆ ಹೊತ್ತಾಯ್ತು.”

“ನೀವು ಊಟ ಮಾಡಿ ಬನ್ನಿ. ನಾವು ಇಲ್ಲೇ ಕೂತಿರ್ತೇವೆ.”

ನಮ್ಮಲ್ಲಿ ಒಬ್ಬಳೂ ಏಳಲಿಲ್ಲ. ಊಟ ಮುಗಿಸಿ ಬಂದ ಅಧಿಕಾರಿ ಕೊನೆಗೆ ಕುರ್ಚಿ ಎಳೆದುಕೊಂಡು ನಮ್ಮೆದುರು ಕುಳಿತರು. ಮುಂದಿನ ಸಭೆ ನಮ್ಮ ಹಳ್ಳಿಯಲ್ಲೇ ನಡೆಯಿತು. ಬಯಲು ಉಳಿಯಿತು. ಟೆರೇಸಿನ ಕೆಲಸ ಮಾತ್ರ ಅರ್ಧಕ್ಕೆ ನಿಂತಿದೆ. ಯಾಕೆಂದು ಕೇಳಲು ನಾಳೆ ಮತ್ತೆ ಮಂಗಳೂರಿಗೆ ಹೊರಟಿದ್ದೇವೆ. ಈ ಸಲ ಯಾರೂ ಕರೆದಿಲ್ಲ.