ಲಾಗ್ ಡಬ್ಬಿಗೊಂದು ನಿಂಬೆಹಣ್ಣು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ತುದಿಯಲ್ಲಲ್ಲ, ಮೂಗೇ ಸಿಟ್ಟು ಎಂಬುದು ನನ್ನ ಮಗಳ ತಿದ್ದುಪಡಿ. ಇರಲಿ. ಆದರೆ ಹಬ್ಬದ ದಿನ ಬೆಳಿಗ್ಗೆ ಎದ್ದು, ತಲೆಗೆ ನೀರು ಹಾಕಿಕೊಳ್ಳುವುದನ್ನೂ ಬಿಟ್ಟು, ಸಿಂಗಸಂದ್ರದಿಂದ ಬೊಮ್ಮನಹಳ್ಳಿಗೆ ಹೋಗಿ, ಒಂದು ಪರದೆಯ ಮೇಲೆ 'ಸಕ್ಸಸ್' ಎಂದು ಹಸಿರು ಬಣ್ಣದಲ್ಲಿ ಬಂದಿದೆಯೇ ಎಂದು ನೋಡಿ ವಾಪಸ್ ಬರಬೇಕೆಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ, ನೀವೇ ಹೇಳಿ.

ನಾನು ಒಂದು ಗಾರ್ಮೆಂಟ್ ಕಂಪನಿಯಲ್ಲಿ ಬ್ಯಾಕಪ್ ನೋಡಿಕೊಳ್ಳುವವಳು. ಬೊಮ್ಮನಹಳ್ಳಿಯ ಫ್ಯಾಕ್ಟರಿಯಲ್ಲಿ ಬಟ್ಟೆಯ ಡಿಸೈನು, ಹಾಜರಿ, ಆರ್ಡರು ಎಲ್ಲವನ್ನೂ ಒಂದು ಸಾಫ್ಟ್‌ವೇರ್ ಗಂಟೆಗೊಮ್ಮೆ ಪ್ರತಿ ತೆಗೆದಿಡುತ್ತದೆ. ತೆಗೆದಿಟ್ಟೆ, ಅಥವಾ ಆಗಲಿಲ್ಲ, ಇಂಥ ಕಡೆ ನಿಂತೆ ಎಂದು ತಾನೇ ಒಂದೊಂದು ಸಾಲು ಬರೆದುಕೊಳ್ಳುತ್ತದೆ. ಅದಕ್ಕೆ ಲಾಗ್ ಎನ್ನುತ್ತೇವೆ. ತಮಾಷೆಯೆಂದರೆ, ಬರೆದದ್ದನ್ನು ಅದು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡು ಕೂತಿರುತ್ತಿತ್ತು. ಮಷೀನೇ ಕೆಟ್ಟು ಕೂತರೆ, ಕೆಟ್ಟಿದ್ದೇನೆ ಎಂದು ಹೇಳುವವರೂ ಇಲ್ಲ! ಹಾಗಾಗಿ ದಿನಾ ಒಬ್ಬರು ಹೋಗಿ ನೋಡಬೇಕಿತ್ತು. ಕೆಲಸ ಗೊತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಆ ಒಬ್ಬರೂ ನಾನೇ.

ಅದನ್ನೆಲ್ಲ ಎಲೆಕ್ಟ್ರಾನಿಕ್ ಸಿಟಿಯ ಹೆಡ್ ಆಫೀಸಿಗೆ ಕಳಿಸುವ ಹಾಗೆ ಮಾಡೋಣ, ಅಲ್ಲಿ ಬೇರೆ ಮಷೀನುಗಳ ಲಾಗ್ ಸೇರಿಸುವ ವ್ಯವಸ್ಥೆ ಹೇಗೂ ಇದೆ ಎಂದು ನಮ್ಮ ಮ್ಯಾನೇಜರ್ ಮುಂದೆ ಎಷ್ಟು ಸಲ ಬಾಯಿ ಬಡಿದುಕೊಂಡಿದ್ದೇನೋ. "ಅದೆಲ್ಲ ಸರಿ ಮೇಡಂ, ಆದ್ರೆ ಕಣ್ಣಾರೆ ನೋಡಿದ್ರೇನೇ ಸಮಾಧಾನ" ಎನ್ನುತ್ತಿದ್ದರು. ಕಣ್ಣು ಮಾತ್ರ ನನ್ನದು, ಸಮಾಧಾನ ಅವರದು.

ಇದರಿಂದ ನನಗೆ ತಪ್ಪಿದ್ದು ದಸರಾ. ನಮ್ಮದು ಹಾವೇರಿ ಕಡೆ. ಅಲ್ಲಿ ವಿಜಯದಶಮಿಯ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು, 'ಬಂಗಾರದಂಗ ಇರೂಣು' ಎಂದು ಹಾರೈಸಿ, ಹಿರಿಯರ ಕಾಲು ಮುಟ್ಟುತ್ತೇವೆ. ನನಗೆ ಹಿರಿಯಳೆಂದರೆ ನನ್ನ ಅಕ್ಕ. ಅವ್ವ ಹೋದ ಮೇಲೆ ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದು ಅವಳು. ಕೆಲವು ವರ್ಷಗಳಿಂದ ನಾನು ಹೋಗಲಾಗದೆ, ಹೋದ ದಸರಾಕ್ಕೆ ಅವಳು ಬನ್ನಿಯನ್ನು ಕೊರಿಯರ್ ಮಾಡಿದ್ದಳು. ಬಂದು ಮುಟ್ಟುವಷ್ಟರಲ್ಲಿ ಎಲೆಯೆಲ್ಲ ಪುಡಿಪುಡಿ. ಆ ಕವರು ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. "ಬಂಗಾರ ಕೈಯಾಗ ಕೊಡೋದವಾ, ಟಪಾಲಿನ್ಯಾಗಲ್ಲ" ಎಂದಳು ಅಕ್ಕ ಫೋನಿನಲ್ಲಿ. ಮರುದಿನವೇ ಮ್ಯಾನೇಜರ್ ಕೋಣೆಗೆ ಹೋಗಿ ಜಗಳ ತೆಗೆದೆ.

ಅವರು ಬಗ್ಗಲು ಈ ವರ್ಷದ ನವರಾತ್ರಿಯೇ ಬರಬೇಕಾಯಿತು. ಬ್ಯಾಕಪ್ಪಿನ ಪ್ರತಿ ಸಾಲೂ ಹುಟ್ಟಿದ ಕೂಡಲೇ ಹೆಡ್ ಆಫೀಸಿಗೆ ಹೋಗುವಂತೆ ಮಾಡಿದೆ. ಫ್ಯಾಕ್ಟರಿ ಕಡೆಯಿಂದ ಗಂಟೆ ಮೀರಿ ಸುದ್ದಿಯೇ ಇಲ್ಲದಿದ್ದರೆ ನನಗೂ ಮ್ಯಾನೇಜರಿಗೂ ಫೋನ್ ಬರಬೇಕು. ದಾರಿಯಲ್ಲಿ ಏನಾದರೂ ಕೈಕೊಟ್ಟರೆ ಸಾಲುಗಳನ್ನು ಕೂಡಿಟ್ಟುಕೊಂಡು, ದಾರಿ ತೆರೆದಾಗ ಬಿಟ್ಟಲ್ಲಿಂದ ಕಳಿಸು ಎಂದೂ ಬ್ಯಾಕಪ್ಪಿನ ಮಷೀನಿಗೆ ಹೇಳಿಟ್ಟಿದ್ದೆ. ಅದೊಂದನ್ನು ಮಾತ್ರ ಪರೀಕ್ಷೆ ಮಾಡಿ ನೋಡಿರಲಿಲ್ಲ.

"ನವರಾತ್ರಿ ಪೂರ್ತಿ ಟ್ರಯಲ್ ಮೇಡಂ," ಎಂದರು ಮ್ಯಾನೇಜರ್. "ಒಂದು ಗಂಟೆ ಲಾಗ್ ತಪ್ಪಿದ್ರೂ ಹಳೇ ಪದ್ಧತಿನೇ. ನಿಮ್ಮ ಊರಿನ ಪ್ರೋಗ್ರಾಮೂ ಕ್ಯಾನ್ಸಲ್."

"ತಪ್ಪಲ್ಲ ಸಾರ್" ಎಂದೆ. ಆಯುಧಪೂಜೆಯ ಸಂಜೆಯ ಬಸ್ಸಿಗೆ ಸೀಟು ಕಾದಿರಿಸಿದೆ. ಅಕ್ಕನಿಗೆ ಹೇಳಿದರೆ ಅವಳು ನಂಬಲಿಲ್ಲ. "ಬಸ್ಸಿಳಿದ ಮ್ಯಾಲೆ ಹೇಳು" ಎಂದಳು.

ದಿನವೂ ಸಾಲುಗಳು ತಪ್ಪದೆ ಬಂದವು. ಆಯುಧಪೂಜೆಯ ಮಧ್ಯಾಹ್ನ ಬ್ಯಾಗು ತುಂಬಿ ಬಾಗಿಲಲ್ಲಿಟ್ಟು ಹೋಳಿಗೆಗೆ ತುಪ್ಪ ಹಾಕಿಕೊಂಡಿದ್ದೆ, ಅಷ್ಟರಲ್ಲಿ ಫೋನ್. ಎತ್ತಿದರೆ ಯಂತ್ರದ ಹೆಣ್ಣು ದನಿ, ಬೊಮ್ಮನಹಳ್ಳಿಯ ಬ್ಯಾಕಪ್ ಮೌನವಾಗಿದೆ ಎಂದು ಇಂಗ್ಲಿಷಿನಲ್ಲಿ ನಯವಾಗಿ ಹೇಳಿತು. ಥೂ ನಿನ್ನ! ಹೋಳಿಗೆ ಅಲ್ಲೇ ಬಿಟ್ಟು ಎದ್ದೆ. "ಬಸ್ಸು ಸಂಜೆಗೆ ಕಣೇ, ನೆನಪಿರಲಿ" ಎಂದು ಮನೆಯವರು ಹಿಂದಿನಿಂದ ಕೂಗಿದರು. ಅದು ನನಗೆ ಗೊತ್ತಿರಲಿಲ್ಲವೇನೋ!

ಸಿಕ್ಕ ಆಟೋಗೆ ಎರಡೂ ಕಡೆ ಬಾಳೆಕಂದು, ಗಾಜಿನ ತುಂಬ ಚೆಂಡುಹೂವು. ಹೊಸೂರು ರಸ್ತೆಯುದ್ದಕ್ಕೂ ಒಡೆದ ಬೂದುಗುಂಬಳ. "ಬೇಗ ಹೋಗಿ ಅಣ್ಣಾ" ಎಂದರೆ, "ಕುಂಬಳಕಾಯಿ ಮೇಲೆ ಹತ್ತಿದ್ರೆ ಜಾರ್ಬಿಡತ್ತೆ ಮೇಡಂ. ಬೆಳಿಗ್ಗೆ ತಾನೇ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಗಾಡಿ ತೆಗ್ದಿದ್ದೀನಿ, ಏನೂ ಆಗಲ್ಲ, ಕೂತ್ಕೊಳ್ಳಿ" ಎಂದ. ಅಲ್ಲಿಗೆ ಹೋಗುವ ತನಕ ಹಲ್ಲು ಕಚ್ಚಿಕೊಂಡು ಕೂತೆ. ಕಾಯಲು ಹೇಳಿ ಗೇಟಿನೊಳಗೆ ಓಡಿದೆ.

ಅಲ್ಲಿನ ಸೆಕ್ಯುರಿಟಿಯವರು ಆ ಊರಿನವರೇ. ಫ್ಯಾಕ್ಟರಿಯ ಜಾಗ ಒಂದು ಕಾಲಕ್ಕೆ ಅವರ ದೊಡ್ಡಪ್ಪನ ರಾಗಿ ಹೊಲ. ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಮನೆಗಳಿವೆ, ದುಡಿಯುವ ಅಗತ್ಯವೇನಿಲ್ಲ. ಮನೆಯಲ್ಲಿ ಕೂತರೆ ಹೆಂಡತಿ ಬೈಯುತ್ತಾರೆಂದು ಯೂನಿಫಾರ್ಮ್ ಹಾಕಿಕೊಂಡು ಬರುತ್ತಾರೆ.

"ಬನ್ನಿ ಬನ್ನಿ ಮೇಡಮ್ಮೋರೆ, ಕಡ್ಲೆಪುರಿ ತಗಳಿ" ಎಂದರು, ಮುಖದ ತುಂಬ ನಗು.

ಪುರಿಗೆ ಕೈ ಚಾಚದೆ ಸರ್ವರ್ ಕೋಣೆಗೆ ನುಗ್ಗಿದೆ. ಬ್ಯಾಕಪ್ಪಿನ ಮಷೀನು ಬೀಗ ಹಾಕಿದ ಬೀರುವಿನೊಳಗೆ ಗುರ್ ಎನ್ನುತ್ತಿತ್ತು. ಆದರೆ ಅದರ ಲಾಗನ್ನು ಹೊರಗೆ ಸಾಗಿಸುವ ಸಣ್ಣ ಡಬ್ಬಿ, ಗೋಡೆಯ ಹಲಗೆಯ ಮೇಲಿರುವುದು, ತಣ್ಣಗೆ ಮಲಗಿತ್ತು. ಅದರ ಹಣೆಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ತಲೆಗೆ ಒಂದು ಸೇವಂತಿಗೆ.

"ಯಾರ್ರೀ ಇದನ್ನ ಆಫ್ ಮಾಡಿದ್ದು?"

"ನಾನೇ ಕಣಮ್ಮ. ವರ್ಸಪೂರ್ತಿ ಮಿಣಮಿಣ ಅಂತ ದುಡೀತದೆ, ಇವತ್ತೊಂದಿನನಾದ್ರೂ ರೆಸ್ಟು ಬ್ಯಾಡ್ವಾ? ನಿಮ್ ಕಡೆಯೋರು ವಿಭೂತಿ ಅಚ್ತೀರಲ್ಲ, ಅದುಕ್ಕೇ ವಿಭೂತಿನೂ ಅಚ್ದೆ."

ನಾನು ಸ್ವಿಚ್ಚಿಗೆ ಕೈ ಹಾಕಿದೆ. "ಅಯ್ಯಯ್ಯೋ, ಮುಟ್ಬ್ಯಾಡಿ!" ಎಂದು ಅವರು ಅಡ್ಡ ಬಂದರು. "ಪೂಜೆ ಆಗಿರೋ ಆಯುಧ ನಾಳೆಗಂಟ ಮುಟ್ಟಂಗಿಲ್ಲ. ಒಲಿಯೋ ಮಿಸನ್ನೇ ಯಾರೂ ಮುಟ್ಟಿಲ್ಲ ನೋಡಿ."

ಕೂಗಾಡಿದೆ. ಲಾಗ್ ಎಂದೆ, ಟ್ರಯಲ್ ಎಂದೆ, ಬಸ್ಸು ಎಂದೆ, ಅಕ್ಕ ಎಂದೆ. ಅವರು ಅಡ್ಡವಾಗಿಯೇ ನಿಂತು, "ನಿಮ್ ಅಕ್ಕೋರಿಗೂ ಒಳ್ಳೇದಾಗ್ಲಿ ಅಂತಲೇ ಯೋಳ್ತಿರದು" ಎಂದರು. ಜಗಳಕ್ಕೆ ಬಾರದವರ ಹತ್ತಿರ ಜಗಳವಾಡುವುದು ಬಲು ಕಷ್ಟ. ನನಗೆ ಅಳುವೇ ಬಂದಂತಾಯಿತು.

ಹೊರಗೆ ಆಟೋದವನು ಹಾರನ್ ಹೊಡೆದ. ಆಗ ಹೊಳೆಯಿತು.

"ಅಣ್ಣಾ, ಆಟೋಗೂ ಪೂಜೆ ಮಾಡ್ತಾರೆ. ಮಾಡಿ ನಿಲ್ಲಿಸಿಬಿಡ್ತಾರಾ?"

"ಇಲ್ಲ. ನಿಂಬೆಅಣ್ಣು ಅತ್ತಿಸಿ ಓಡುಸ್ತಾರೆ. ಅದು ಗಾಡಿ."

"ಇದೂ ಗಾಡಿನೇ. ಆ ಬೀರು ಒಳಗಿರೋದು ಆಯುಧ, ಇದು ಅದರ ಸುದ್ದಿ ಹೊತ್ತುಕೊಂಡು ಎಲೆಕ್ಟ್ರಾನಿಕ್ ಸಿಟಿಗೆ ಹೋಗೋ ಗಾಡಿ."

ಅವರು ಡಬ್ಬಿಯನ್ನೂ ನನ್ನನ್ನೂ ನೋಡಿದರು. "ದಿನಾ ಓಯ್ತದಾ?"

"ಗಂಟೆಗೊಂದು ಟ್ರಿಪ್ಪು."

"ಮದ್ಲೇ ಯೋಳಕ್ಕೇನಾಗಿತ್ತು!" ಎಂದು ನನಗೇ ಗದರಿ, ಓಡಿಹೋಗಿ ನಿಂಬೆಹಣ್ಣು ತಂದರು. "ಚಕ್ರ ಎಲ್ಲವೆ?" ಎಂದು ಡಬ್ಬಿಯ ಕೆಳಗೆಲ್ಲ ಬಗ್ಗಿ ಹುಡುಕಿ, ಕೊನೆಗೆ ನಿಂಬೆಹಣ್ಣನ್ನೇ ಸ್ವಿಚ್ಚಿನ ಮೇಲಿಟ್ಟು ಅಂಗೈಯಿಂದ ಒತ್ತಿದರು. ಟಿಕ್. ದೀಪಗಳು ಒಂದೊಂದಾಗಿ ಮಿಣುಕಿದವು. ಅವರು ಕೈ ಮುಗಿದರು, ನಾನೂ ಮುಗಿದೆ.

ಅಷ್ಟರಲ್ಲಿ ಮ್ಯಾನೇಜರ್ ಫೋನ್ ಬಂತು. ಹೆಡ್ ಆಫೀಸಿನ ಪರದೆಯನ್ನು ಮನೆಯಿಂದಲೇ ತೆರೆದುಕೊಂಡು ಕೂತಿದ್ದರು. "ಏನ್ರೀ ಮೇಡಂ, ನಿಂತೋಯ್ತಲ್ಲ?"

"ಒಂದು ನಿಮಿಷ ನೋಡ್ತಾ ಇರಿ ಸಾರ್" ಎಂದೆ. ಪರೀಕ್ಷೆ ಮಾಡದೆ ಬಿಟ್ಟದ್ದು ಇದೊಂದನ್ನೇ. ಕೂಡಿಟ್ಟ ಸಾಲುಗಳು ಬರದಿದ್ದರೆ ಈ ವರ್ಷವೂ ಬನ್ನಿ ಕೊರಿಯರಿನಲ್ಲೇ.

ಆ ಕಡೆ ಮೌಸಿನ ಟಿಕ್ ಟಿಕ್. ಆಮೇಲೆ, "ಬಂತು. ಇನ್ನೊಂದೂ ಬಂತು. ಅಯ್ಯೋ, ಎಲ್ಲಾ ಬರ್ತಾ ಇದೆ, ಅದರದರ ಟೈಮ್ ಸಮೇತ! ಯಾವುದೂ ಮಿಸ್ ಆಗಿಲ್ಲ ಕಣ್ರೀ" ಎಂದರು. ಹಾಗೆಂದವರು ಕೂಡಲೇ ರಾಗ ತೆಗೆದರು: "ಆದ್ರೂ ನಿಂತಿದ್ದಂತೂ ನಿಜ ಅಲ್ವಾ."

ತಡೆದಿದ್ದ ಸಿಟ್ಟೆಲ್ಲ ಒಟ್ಟಿಗೆ ಬಂತು. "ನಿಂತಿದ್ದು ನಿಮಗೆ ಹೇಗೆ ಗೊತ್ತಾಯ್ತು ಸಾರ್? ಫೋನ್ ಬಂತು ತಾನೇ? ಬೆಳಿಗ್ಗೆ ಬಂದು ಕಣ್ಣಾರೆ ನೋಡಿ ಹೋಗಿದ್ರೆ, ಮಧ್ಯಾಹ್ನ ನಿಂತಿದ್ದು ನನ್ನ ಕಣ್ಣಿಗೆ ಕಾಣ್ತಿತ್ತಾ, ನಿಮ್ಮ ಕಣ್ಣಿಗೆ ಕಾಣ್ತಿತ್ತಾ?"

ಅವರು ನಕ್ಕುಬಿಟ್ಟರು. "ಸರಿ ಮಾರಾಯ್ರೇ, ಇನ್ಮೇಲೆ ಬೆಳಿಗ್ಗೆ ಯಾರೂ ಹೋಗೋದು ಬೇಡ. ಹೋಗಿ ಬನ್ನಿ."

"ಬನ್ನಿಗೇ ಹೋಗ್ತಿರೋದು ಸಾರ್" ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ. ಹೊರಡುವಾಗ ಸೆಕ್ಯುರಿಟಿಯಣ್ಣ ಕೊಟ್ಟ ಪುರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡೆ, ಆಟೋದವನಿಗೂ ಕೊಟ್ಟೆ. ಬಸ್ಸು ಹೊರಡುವ ಮೊದಲೇ ಸೀಟಿನಲ್ಲಿದ್ದೆ.

ಮರುದಿನ ಸಂಜೆ ಹಾವೇರಿಯಲ್ಲಿ, ಅಕ್ಕನ ಮನೆಯ ಪಡಸಾಲೆಯಲ್ಲಿ, ಅಕ್ಕ ಬನ್ನಿ ಹಿಡಿದು ನನ್ನ ಮುಂದೆ ನಿಂತಿದ್ದಳು. ನಾನು ಕೈ ಚಾಚಿದೆ. ಸರಿಯಾಗಿ ಆಗಲೇ ಫೋನ್ ಬಡಿದುಕೊಂಡಿತು. ನೋಡಿದರೆ ಫ್ಯಾಕ್ಟರಿ ಗೇಟಿನ ನಂಬರು. ಅಕ್ಕನ ಮುಖ ಬಾಡಿಹೋಯಿತು. "ಆತು, ಹೊಂಟಿ ನೀನು" ಎಂದವಳೇ ಫೋನು ಕಸಿದುಕೊಂಡು, ಬೈಯಲು ಸಜ್ಜಾಗಿ, ಸ್ಪೀಕರ್ ಒತ್ತಿದಳು.

"ಮೇಡಮ್ಮೋರೆ," ಎಂದಿತು ಆ ದನಿ. "ನಿಮ್ ಗಾಡಿ ಚೆಂದಾಗಿ ಓಡ್ತೈತೆ, ಏನೂ ಯೋಚ್ನೆ ಮಾಡ್ಬ್ಯಾಡಿ. ನಿಂಬೆಅಣ್ಣು ತೆಗೀಲಾ, ನೀವು ಬರೋಗಂಟ ಅಂಗೇ ಬುಡ್ಲಾ ಅಂತ ಕೇಳಕ್ಕೆ ಮಾಡ್ದೆ."

ಅಕ್ಕ ನನ್ನ ಮುಖ ನೋಡಿದಳು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ, ಕಣ್ಣಲ್ಲಿ ನೀರು. ಅವಳು ಬನ್ನಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು. ಆಮೇಲೆ ಫೋನಿಗೆ ಬಾಯಿ ಹತ್ತಿರ ತಂದು ಹೇಳಿದಳು:

"ಹಂಗ ಇರ್ಲಿ ಬಿಡ್ರೀ ಅಣ್ಣಾರ. ಬನ್ನಿ ತಗೊಂಡು ಬಂಗಾರದಂಗ ಇರೂಣು."