ಇಳಿಯುವ ಮೆಟ್ಟಿಲು

ಲಾಡ್ಜಿನ ಯಜಮಾನರ ಬಲಗಿವಿಯ ಮೇಲೆ ಸದಾ ಒಂದಿಷ್ಟು ಸುಣ್ಣ ಅಂಟಿರುತ್ತಿತ್ತು. ದೊಡ್ಡ ಕಿವಿ, ಮೇಲಿನ ಅಂಚು ಸ್ವಲ್ಪ ಮಡಚಿದ್ದು, ಆ ಮಡಿಕೆಯೊಳಗೆ ಬಿಳಿ ಪುಡಿ. ಇಸ್ತ್ರಿ ಅಂಗಿ ಹಾಕಿ, ಕ್ರಾಪು ಬಾಚಿ ಕೌಂಟರಿನಲ್ಲಿ ಕೂತ ಮನುಷ್ಯನ ಕಿವಿ ಮಾತ್ರ ಯಾಕೆ ಹೀಗೆ ಎಂದು ಹೊಸಬರು ಮತ್ತೆ ಮತ್ತೆ ನೋಡುತ್ತಿದ್ದರು. ನಮಗೆ ಗೊತ್ತಿತ್ತು. ಬೆಳಿಗ್ಗೆ ಒಂದು ರೂಮು ಖಾಲಿಯಾದರೆ ಸಾಕು, ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಾಲ್ಕೂ ಗೋಡೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದರು. ಒಳಗೆ ಪೈಪು ಸೋರುತ್ತಿದೆಯಾ, ಪಕ್ಕದ ರೂಮಿನ ಕೆಮ್ಮು ಇಲ್ಲಿಗೆ ಕೇಳುತ್ತದಾ ಎಂದು ನೋಡುವ ಕ್ರಮ ಅದು. ಆಮೇಲೆ ದಿಂಬು ಮೂಸಿ, ಹಾಸಿಗೆಯನ್ನು ಬೆರಳಿನ ಗಂಟಿನಿಂದ ಒತ್ತಿ, ನಲ್ಲಿ ತಿರುಗಿಸಿ ಬಿಸಿನೀರು ಬರಲು ಎಷ್ಟು ಹೊತ್ತಾಗುತ್ತದೆಂದು ಬಾಯಲ್ಲೇ ಎಣಿಸಿ, ಅಷ್ಟಾದ ಮೇಲೆಯೇ ಬೀಗದ ಕೈ ಕೆಳಗೆ ಬರುತ್ತಿತ್ತು.

ಕೊಪ್ಪದ ಬಸ್‌ಸ್ಟ್ಯಾಂಡಿನ ಮೇಲಿನ ರಸ್ತೆಯಲ್ಲಿ ಒಂಬತ್ತು ರೂಮಿನ ಲಾಡ್ಜು ಅದು. ಕೆಳಗೆ ಕೌಂಟರು, ಹಿಂದೆ ಅವರು ಮತ್ತು ಅವರ ಹೆಂಡತಿ ಇದ್ದ ಎರಡು ಕೋಣೆ. ಬಾಡಿಗೆಯ ರೂಮುಗಳೆಲ್ಲ ಮೇಲೆ. ಔಷಧಿ ಕಂಪನಿಯ ರೆಪ್ರೆಸೆಂಟೇಟಿವ್‌ಗಳು, ಕಾಫಿ ಕೊಳ್ಳಲು ಬಂದವರು, ಶೃಂಗೇರಿಗೆ ಹೊರಟು ಬಸ್ಸು ತಪ್ಪಿಸಿಕೊಂಡವರು ಅಲ್ಲಿ ಉಳಿಯುತ್ತಿದ್ದರು. ಪಕ್ಕದ್ದೇ ನಮ್ಮ ಮನೆ. ಅಮ್ಮ ಮತ್ತು ನಾನು, ಇಬ್ಬರೇ. ರಸ್ತೆಯ ಮಟ್ಟಕ್ಕೇ ಇದ್ದ, ಹೊಸ್ತಿಲು ಬಿಟ್ಟರೆ ಒಂದು ಮೆಟ್ಟಿಲೂ ಇಲ್ಲದ ಮನೆ.

ಒಮ್ಮೆ ನಾನು ಅವರ ಕೌಂಟರಿನಲ್ಲಿ ಪೇಪರು ಓದುತ್ತಿದ್ದಾಗ ವಯಸ್ಸಾದ ಗಂಡಹೆಂಡತಿ ಬಂದರು. ಮಗಳ ಮನೆ ನೆಮ್ಮಾರಿನಲ್ಲಿ, ನಾಳೆ ಬೆಳಿಗ್ಗೆ ಹೋಗಬೇಕು, ಒಂದು ರೂಮು ಬೇಕು ಎಂದರು. ಐದು ರೂಮು ಖಾಲಿ ಇತ್ತು. ಯಜಮಾನರು ಆ ಅಜ್ಜನ ಕಾಲನ್ನೊಮ್ಮೆ ನೋಡಿ, "ನನ್ನಲ್ಲಿ ಇಲ್ಲ ಮಾರಾಯ್ರೆ, ಎದುರಿಗೆ ಹೋಗಿ. ಅಲ್ಲಿ ಕೆಳಗೇ ರೂಮಿದೆ" ಎಂದುಬಿಟ್ಟರು. ಎದುರಿನದು ಅವರಿಗೆ ಆಗದವರ ಲಾಡ್ಜು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಎಂತ ನೋಡ್ತೀಯ ಕೂಸೆ? ಮಲಗಿದ್ರೆ ನಿದ್ದೆ ಬರಬೇಕು. ಬೆಳಿಗ್ಗೆ ಹೇಗಪ್ಪಾ ಇಳಿಯೋದು ಅಂತ ಯೋಚ್ನೆ ಮಾಡ್ತಾ ಮಲಗಿದ್ರೆ ಅದು ರೂಮಾ?" ಎಂದರು. ನನಗಾಗ ನಲವತ್ತು ದಾಟಿತ್ತು. ಅವರ ಬಾಯಲ್ಲಿ ನಾನು ಕೊನೆಯವರೆಗೂ ಕೂಸೇ.

ನನ್ನ ಸ್ವಭಾವ ಹೇಳಿಬಿಡುತ್ತೇನೆ. ಒಂದು ಕಡೆ ಕೂತವಳಲ್ಲ, ಒಂದು ಮಾತಿನಲ್ಲಿ ನಿಂತವಳಲ್ಲ. ಮಸಾಲೆದೋಸೆ ಹೇಳಿದ ಮೇಲೆ ಪಕ್ಕದ ಮೇಜಿನ ಇಡ್ಲಿ ನೋಡಿ ಹೊಟ್ಟೆ ಉರಿಸಿಕೊಳ್ಳುವವಳು. ನರಸಿಂಹರಾಜಪುರದ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಸೀಟು ಸಿಕ್ಕಿದರೂ ಎರಡು ಸಲ ಬದಲಿಸುತ್ತಿದ್ದೆ. ಅಂಥವಳ ತಲೆ ಮೇಲೆ ಬಂದು ಕೂತದ್ದು ಯುರೋಪಿನ ಬುಡಾಪೆಸ್ಟ್ ಊರಿನ ಹೋಟೆಲು ಆರಿಸುವ ಕೆಲಸ.

ಅಮ್ಮ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಭೂಗೋಳ ಪಾಠ ಮಾಡಿದವಳು. ನಕ್ಷೆ ನೋಡದೆ ಯುರೋಪನ್ನು ಬೋರ್ಡಿನ ಮೇಲೆ ಬಿಡಿಸುತ್ತಿದ್ದಳು. ಕೊನೆಗೆ ನೀಲಿ ಚಾಕ್‌ಪೀಸು ಎತ್ತಿ, ಕೈ ಎತ್ತದೆ ಒಂದೇ ಗೆರೆಯಲ್ಲಿ ಡ್ಯಾನ್ಯೂಬ್ ನದಿ. ಆ ಗೆರೆ ಬುಡಾಪೆಸ್ಟಿನ ಹತ್ತಿರ ತಟಕ್ಕನೆ ದಕ್ಷಿಣಕ್ಕೆ ತಿರುಗುವುದನ್ನು ಎಳೆಯುವಾಗ ಇಡೀ ಕ್ಲಾಸು ಉಸಿರು ಹಿಡಿಯುತ್ತಿತ್ತು. ನಾನೂ ಆ ಕ್ಲಾಸಿನಲ್ಲಿ ಕೂತವಳೇ. ನಿವೃತ್ತಿಯಾಗಿ ಎಂಟು ವರ್ಷದ ಮೇಲೆ, ಎರಡು ಸಾವಿರದ ಆರೋ ಏಳೋ, ಒಂದು ದಿನ ಊಟಕ್ಕೆ ಕೂತಾಗ, "ಒಂದು ಸಲ ಆ ಡ್ಯಾನ್ಯೂಬನ್ನ ನೋಡಬೇಕಿತ್ತು ಕಣೇ" ಎಂದಳು. ಅಷ್ಟೇ. ಅಮ್ಮ ಹಾಗೆಲ್ಲ ಬೇಕು ಅಂದವಳೇ ಅಲ್ಲ. ಮಂಡಿ ಸವೆದಿದೆ, ಹೋಗುವುದಾದರೆ ಈ ವರ್ಷವೇ ಹೋಗಿ ಬನ್ನಿ ಎಂದು ಡಾಕ್ಟರೂ ಹೇಳಿದರು. ತಪ್ಪಿದರೆ ಇನ್ನಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ವೀಸಾ ಅರ್ಜಿಯ ಜೊತೆ ಹೋಟೆಲಿನ ಬುಕಿಂಗ್ ಕಾಗದ ಬೇಕು. ಇಂಟರ್ನೆಟ್ ಸೆಂಟರಿನಲ್ಲಿ ಕೂತು ಮೂರು ಹೋಟೆಲು ಹುಡುಕಿದೆ. ಮೂರೂ ನಮ್ಮ ಕೈಗೆಟುಕುವ ಮಧ್ಯಮ ದರದವು, ಮೂರಕ್ಕೂ ಮೂರು ಸ್ಟಾರು. ಒಂದರ ಕಿಟಕಿಯಿಂದ ನದಿ ಕಾಣುತ್ತದೆ. ಇನ್ನೊಂದು ರೈಲ್ವೆ ಸ್ಟೇಷನ್ ಹತ್ತಿರ, ತಿಂಡಿ ಜೋರಂತೆ. ಮೂರನೆಯದು ಹಳೇ ಬೀದಿಯ ಸಾಧಾರಣ ಕಟ್ಟಡ. ಸೋಮವಾರ ನದಿಯದು ಅಂದರೆ ಮಂಗಳವಾರ ತಿಂಡಿಯದು. ಬುಧವಾರ ಲೈಬ್ರರಿಯಲ್ಲಿ ಪುಸ್ತಕಕ್ಕೆ ಸೀಲು ಹೊಡೆಯುವಾಗಲೂ ಅದೇ ಯೋಚನೆ. ಆ ಪ್ರಿಂಟುಗಳು ಮಡಚಿ ಮಡಚಿ ಹರಿದು, ಎರಡು ಸಲ ಹೊಸದು ತೆಗೆಸಿದೆ. ಅಮ್ಮ ಮಾತ್ರ, "ನಂಗೆ ಯಾವ್ದಾದ್ರೂ ಅಡ್ಡಿಲ್ಲ" ಎನ್ನುತ್ತಿದ್ದಳು. ಅದನ್ನು ಕೇಳಿದಷ್ಟೂ ನನ್ನ ಪಿತ್ತ ನೆತ್ತಿಗೇರುತ್ತಿತ್ತು.

ಕೊನೆಗೆ ಪ್ರಿಂಟುಗಳನ್ನು ತಂದು ಯಜಮಾನರ ಕೌಂಟರಿನ ಮೇಲೆ ಹಾಕಿದೆ. ಅವರು ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದರು.

"ಸ್ಟಾರು ಯಾರು ಕೊಟ್ಟಿದ್ದು? ಅಲ್ಲಿ ಮಲಗಿದವರಾ?"

"ಅಲ್ಲ, ಅಲ್ಲಿನ ಸರ್ಕಾರದವರೋ ಯಾರೋ."

"ಹಂಗಾರೆ ಬಿಡು." ಮತ್ತಷ್ಟು ಹೊತ್ತು ನೋಡಿದರು. "ಎಲ್ಲಾ ಫೋಟೋದಲ್ಲೂ ಮಂಚ ಇದೆ ಕೂಸೆ. ಮಂಚಕ್ಕೆ ಹೋಗೋ ದಾರಿ ಒಂದರಲ್ಲೂ ಇಲ್ಲ. ಟೀಚ್ರಿಗೆ ಎಂತ ಬೇಕು ಅಂತ ಮೊದ್ಲು ನೋಡ್ವ. ಭಾನುವಾರ ಕರ್ಕೊಂಡು ಬಾ. ಮೂರನೇ ನಂಬರಲ್ಲಿ ಒಂದು ದಿನ ಇರ್ಲಿ."

ಪಕ್ಕದ ಮನೆಯವರು ಪಕ್ಕದ ಲಾಡ್ಜಿನಲ್ಲಿ ರೂಮು ಹಿಡಿಯುವುದೇ! ಅಮ್ಮನಿಗೆ ನಗು ತಡೆಯಲಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಪುಟ್ಟ ಕೈಚೀಲ ಹಿಡಿದು, ಪ್ರವಾಸಕ್ಕೆ ಹೊರಟವಳ ಹಾಗೇ ಹೊರಟಳು. ಇಪ್ಪತ್ತೊಂದು ಮೆಟ್ಟಿಲನ್ನು ಸರಸರ ಹತ್ತಿ, ಮೇಲೆ ನಿಂತು ನನ್ನನ್ನು ನೋಡಿ, "ಕಂಡ್ಯಾ? ಎಂತ ಆಗಿದೆ ನಂಗೆ?" ಎಂದಳು. ನನಗೆ ಎಷ್ಟು ಹಗುರಾಯಿತೆಂದರೆ, ಅಲ್ಲೇ ನಿಂತು ನದಿಯ ಹೋಟೆಲೇ ಸೈ ಎಂದು ತೀರ್ಮಾನಿಸಿದೆ. ಯಜಮಾನರು ಮಂಚದ ಎತ್ತರವನ್ನು ಅಮ್ಮನ ಮಂಡಿಗೆ ಹೋಲಿಸಿ ನೋಡಿದರು. ಬಚ್ಚಲಿನಲ್ಲಿ ಕೈ ಎಲ್ಲಿ ಊರುತ್ತಾಳೆ ಎಂದು ಕೇಳಿ ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ನನಗೋ, ಇವರ ಶಾಸ್ತ್ರ ಮುಗಿದರೆ ಸಾಕಾಗಿತ್ತು.

ಮಧ್ಯಾಹ್ನ ಊಟಕ್ಕೆ ಕರೆದೆ. ಅಮ್ಮ ಬಂದು ಮೆಟ್ಟಿಲ ತಲೆಯಲ್ಲಿ ನಿಂತಳು. ಇಳಿಯಲಿಲ್ಲ. "ಇಲ್ಲಿಂದ ಬಸ್‌ಸ್ಟ್ಯಾಂಡ್ ಎಷ್ಟು ಚೆಂದ ಕಾಣ್ತದೆ" ಎಂದಳು. ಮತ್ತೆ ಕರೆದೆ. "ಬಂದೆ, ನೀನು ಎಲೆ ಹಾಕು" ಎಂದಳು. ನಾನು ಇನ್ನೊಮ್ಮೆ ಕೂಗುವಷ್ಟರಲ್ಲಿ ಯಜಮಾನರು ನನ್ನ ತೋಳು ಮುಟ್ಟಿ ಸುಮ್ಮನಾಗಿಸಿದರು. ಒಂದು ಲೋಟ ಚಹಾ ಹಿಡಿದು ಮೇಲೆ ಹೋಗಿ ಅಮ್ಮನಿಗಿಂತ ಎರಡು ಮೆಟ್ಟಿಲು ಕೆಳಗೆ ಕೂತರು. ಅಮ್ಮ ಚಹಾ ಕುಡಿದಳು. ಆಮೇಲೆ ಅವರು ಎದ್ದು, ಅಮ್ಮನಿಗೆ ಮುಖ ಮಾಡಿ, ಹಿಂದು ಹಿಂದಕ್ಕೆ ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. "ಒಂದು, ಟೀಚ್ರೆ. ಎರಡು." ಅಮ್ಮನ ಒಂದು ಕೈ ಅವರ ಭುಜದ ಮೇಲೆ, ಇನ್ನೊಂದು ಗೋಡೆಯ ಮೇಲೆ. ಅಮ್ಮನ ಮುಖ ಬೆವರಿತ್ತು. ಇಪ್ಪತ್ತೊಂದು ಅನ್ನುವಷ್ಟರಲ್ಲಿ ಅನ್ನ ಆರಿಹೋಗಿತ್ತು.

ಹತ್ತುವುದು ಹೇಗೋ ಆಗುತ್ತಿತ್ತು, ಇಳಿಯಲು ಆಗುತ್ತಿರಲಿಲ್ಲ. ವರ್ಷದಿಂದ ಹಾಗೇ ಅಂತೆ. ಹೇಳಿದರೆ ನಾನು ಪ್ರವಾಸ ನಿಲ್ಲಿಸುತ್ತೇನೆಂದು ಮುಚ್ಚಿಟ್ಟಿದ್ದಳು. ಮೆಟ್ಟಿಲಿಲ್ಲದ ಮನೆಯಲ್ಲಿ ನನಗೆ ಗೊತ್ತಾಗುವುದಾದರೂ ಹೇಗೆ?

ನಾನು ಕೂಗಾಡಿದೆ. ಅಮ್ಮನ ಮೇಲೆ ಕೂಗಿ ಸಾಲದೆ ಯಜಮಾನರ ಮೇಲೆ ತಿರುಗಿದೆ. "ಹೋಗೋದೇ ಬೇಡ, ಸುಮ್ನೆ ನಿಮ್ಮ ಮಾತು ಕೇಳಿದೆ. ನೀವು ಯಾವತ್ತಾದ್ರೂ ಮಂಗಳೂರು ದಾಟಿದ್ದೀರಾ? ನಿಮಗೆಂತ ಗೊತ್ತು ಅಲ್ಲಿನ ಹೋಟೆಲು?" ಎಂದೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಇವತ್ತಿಗೂ ಆ ಮಾತು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ದಾಟಿಲ್ಲ ಮಾರಾಯ್ತಿ. ಆದ್ರೆ ನನ್ನ ಹತ್ರ ಬಂದವ್ರೆಲ್ಲ ಎಲ್ಲೆಲ್ಲೋ ದಾಟಿ ಬಂದವ್ರೇ ಅಲ್ಲನಾ? ದಣಿದವ್ರು ಎಲ್ಲಿದ್ರೂ ದಣಿದವ್ರೇ. ಬೇಡ ಅನ್ಬೇಡ. ಮೂರೂ ಹೋಟೆಲಿಗೆ ಕಾಗದ ಹಾಕು. ಎಷ್ಟು ಮೆಟ್ಟಿಲು ಇಳೀಬೇಕು ಅಂತ ಕೇಳು. ಹತ್ತೋದು ಬೇಡ, ಇಳಿಯೋದು ಕೇಳು."

ಕಾಗದವನ್ನು ಅವರೇ ಹೇಳಿ ಬರೆಸಿದರು. ಈ-ಮೇಲು ಎಂದರೆ ಅವರಿಗೆ ಬೇಗ ಹೋಗುವ ಅಂಚೆ, ಅಷ್ಟೇ. "ಮೊದ್ಲು ನಾವಿಲ್ಲಿ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರ ತಿಳಿಸಿ ಅಂತ ಹಾಕು" ಎಂದರು. ಹೋಟೆಲಿಗೆ ಯಾರಾದರೂ ಹಾಗೆ ಬರೆಯುತ್ತಾರಾ ಎಂದು ಜಗಳಾಡಿದೆ. "ನನಗೆ ಬರೋ ಕಾರ್ಡಿನಲ್ಲಿ ಎಲ್ಲ ಬರೀತಾರಪ್ಪ" ಎಂದರು. ನಾಚಿಕೆ ಬಿಟ್ಟು ಇಂಗ್ಲಿಷಿನಲ್ಲಿ ಅದನ್ನೇ ಬರೆದೆ: ನಾವಿಲ್ಲಿ ಕ್ಷೇಮ, ನಮ್ಮ ತಾಯಿ ನಿವೃತ್ತ ಭೂಗೋಳದ ಟೀಚರು, ಡ್ಯಾನ್ಯೂಬ್ ನೋಡಲು ಬರುತ್ತಾರೆ, ಹತ್ತಬಲ್ಲರು, ಇಳಿಯಲಾರರು, ಮಂಚದಿಂದ ಬೀದಿಗೆ ಎಷ್ಟು ಮೆಟ್ಟಿಲು?

ನದಿಯ ಹೋಟೆಲಿನವರು ಮರುದಿನವೇ ಉತ್ತರಿಸಿದರು: ನಮ್ಮಲ್ಲಿ ಲಿಫ್ಟ್ ಇದೆ. ತಿಂಡಿಯವರು ಒಂದು ಜಾಹೀರಾತು ಕಳಿಸಿದರು. ಹಳೇ ಬೀದಿಯವರದ್ದು ಸುದ್ದಿಯೇ ಇಲ್ಲ. ದಿನಾ ಬಸ್ಸಿಳಿದು ನೇರ ಇಂಟರ್ನೆಟ್ ಸೆಂಟರಿಗೆ ಓಡುತ್ತಿದ್ದೆ. ವೀಸಾಕ್ಕೆ ಹೊತ್ತಾಗುತ್ತಿತ್ತು, ನನಗೆ ತುದಿಗಾಲಿನಲ್ಲಿ ನಿಂತ ಹಾಗಾಗಿತ್ತು. ಲಿಫ್ಟ್ ಇದೆಯಲ್ಲ, ಬುಕ್ ಮಾಡೇಬಿಡುತ್ತೇನೆ ಎಂದರೆ ಯಜಮಾನರು, "ಲಿಫ್ಟು ಎಲ್ಲಿಂದ ಶುರು ಅಂತ ಹೇಳಿದ್ರಾ? ಇಲ್ಲ ಅಲ್ಲ? ತಡಿ" ಎಂದರು.

ಐದನೇ ದಿನ ಹಳೇ ಬೀದಿಯವರ ಉತ್ತರ ಬಂತು. ರಿಸೆಪ್ಷನ್ನಿನ ಹೆಂಗಸು ಬರೆದದ್ದು. ಪ್ರಿಂಟು ತೆಗೆಸಿ ಕೌಂಟರಿಗೆ ತಂದು, ನಾನು ಓದುತ್ತ ಕನ್ನಡದಲ್ಲಿ ಹೇಳುತ್ತ ಹೋದೆ. "ನಾವೂ ಇಲ್ಲಿ ಕ್ಷೇಮ. ರಜೆಯಲ್ಲಿದ್ದೆ, ತಡವಾಯಿತು. ಇವತ್ತು ನಾನೇ ನಡೆದು ಎಣಿಸಿದೆ. ನಮ್ಮ ಲಿಫ್ಟು ನೆಲದಿಂದ ಇಲ್ಲ, ಅಲ್ಲಿಗೆ ಏಳು ಮೆಟ್ಟಿಲಿವೆ. ಅದು ನಿಮ್ಮ ತಾಯಿಗೆ ಆಗದು. ಆದರೆ ಅಂಗಳದ ಕಡೆ ಕೆಳಗೇ ಒಂದು ಕೋಣೆಯಿದೆ. ಅಲ್ಲಿಂದ ನದಿ ಕಾಣುವುದಿಲ್ಲ. ಸಾಮಾನು ತರುವ ಗೇಟಿನಿಂದ ಬೀದಿಗೆ ಒಂದೂ ಮೆಟ್ಟಿಲಿಲ್ಲ, ಅದರ ಬೀಗದ ಕೈ ನಿಮ್ಮ ತಾಯಿಯ ಹೆಸರಿಗೆ ತೆಗೆದಿಡುತ್ತೇನೆ. ನದಿಗೆ ಸಮತಟ್ಟು ದಾರಿ."

ಯಜಮಾನರು ಆ ಕಾಗದವನ್ನು ಕೈಗೆ ತೆಗೆದುಕೊಂಡು, ಇಂಗ್ಲಿಷು ಓದಲು ಬಾರದಿದ್ದರೂ ಪೂರ್ತಿ ನೋಡಿದರು. "ಇವಳೂ ಲಾಡ್ಜಿನವಳೇ" ಎಂದರು.

"ಕಿಟಕಿಯಲ್ಲಿ ನದಿ ಕಾಣೋದಿಲ್ಲವಂತೆ."

"ನದಿ ಎದ್ದು ಎಲ್ಲಿಗೆ ಹೋಗ್ತದೆ? ಟೀಚ್ರು ಹೋಗಿ ನೋಡ್ಲಿ."

ಹೋದೆವು. ಆ ಹೆಂಗಸು ಬೀಗದ ಕೈಗೆ ನೀಲಿ ದಾರ ಕಟ್ಟಿ ಇಟ್ಟಿದ್ದಳು. ಮೊದಲ ಬೆಳಿಗ್ಗೆ ನಾನು ಏಳುವ ಮುಂಚೆಯೇ ಅಮ್ಮ ಶಾಲು ಹೊದ್ದು, ತಾನೇ ಗೇಟು ತೆಗೆದುಕೊಂಡು ಹೋಗಿಬಿಟ್ಟಿದ್ದಳು. ನಾನೂ ಓಡಿಹೋಗಿ ನೋಡಿದರೆ, ದಂಡೆಯ ಬೆಂಚಿನ ಮೇಲೆ ಕೂತಿದ್ದಾಳೆ. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. "ನೀಲಿ ಎಲ್ಲಿದೆಯೇ? ನಮ್ಮ ತುಂಗೆ ಆಷಾಢದಲ್ಲಿ ಇರೋ ಬಣ್ಣ ಇದು. ಮೂವತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳಿದೆನಲ್ಲೇ!" ಐದು ದಿನವೂ ಒಬ್ಬಳೇ ಹೋಗಿ ಒಬ್ಬಳೇ ಬಂದಳು. ಯಾರ ಭುಜವನ್ನೂ ಹಿಡಿಯಲಿಲ್ಲ. ಅಮ್ಮ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಎರಡು ವರ್ಷದ ಮೇಲೆ ಯಜಮಾನರು ಹಾಸಿಗೆ ಹಿಡಿದರು. ಹಿಂದಿನ ಕೋಣೆ ಬೇಡವೆಂದು ಹಠ ಮಾಡಿ, ಮೇಲೆ ಮೆಟ್ಟಿಲಿನ ಗೋಡೆಗೆ ತಾಗಿದ ಒಂದನೇ ನಂಬರಿನ ರೂಮಿನಲ್ಲಿ ಮಲಗಿದ್ದರು. ಹೋಗಿ ಬರುವವರ ಹೆಜ್ಜೆ ಕೇಳಬೇಕಂತೆ. ನಾನು ದಿನಾ ಹೋಗಿ ಬರುತ್ತಿದ್ದೆ. ಒಂದು ಸಂಜೆ ಅಮ್ಮ ತಾನೂ ಬರುತ್ತೇನೆಂದಳು. ಬೇಡ, ಇಳಿಸುವವರು ಯಾರು ಎಂದೆ. "ಹತ್ತಲಿಕ್ಕೆ ಬರ್ತದಲ್ಲ" ಎಂದು ನಡೆದೇಬಿಟ್ಟಳು. ಹತ್ತಲು ಕಾಲು ಗಂಟೆ ಬೇಕಾಯಿತು.

ಅವರು ಬಹಳ ಇಳಿದುಹೋಗಿದ್ದರು. ಅಮ್ಮನನ್ನು ಕಂಡು, "ಟೀಚ್ರೆ, ಎಂತ ಕೆಲಸ ಮಾಡಿದ್ರಿ ಮಾರಾಯ್ರೆ" ಎಂದರು. ಆ ರಿಸೆಪ್ಷನ್ನಿನ ಹೆಂಗಸು ಹೊಸ ವರ್ಷಕ್ಕೆ ಮತ್ತೆ ಕ್ಷೇಮ ಕೇಳಿ ಬರೆದಿದ್ದನ್ನು ಅಮ್ಮ ಹೇಳಿದಳು. ಅವರು ನಕ್ಕರು.

ಇಳಿಯುವ ಹೊತ್ತಾಯಿತು. ನಾನು ಅಮ್ಮನಿಗೆ ಮುಖ ಮಾಡಿ, ಹಿಂದು ಹಿಂದಕ್ಕೆ ಕಾಲು ಇಟ್ಟೆ. ಅಮ್ಮನ ಕೈ ನನ್ನ ಭುಜದ ಮೇಲಿತ್ತು. ಜೀವಮಾನದಲ್ಲಿ ಮೊದಲ ಸಲ ನಾನು ಅವಸರ ಮಾಡಲಿಲ್ಲ. ನಾನು ಎಣಿಸುವ ಮೊದಲೇ ಗೋಡೆಯ ಆಚೆಯಿಂದ ಸಣ್ಣ ದನಿ ಬಂತು. "ಒಂದು, ಟೀಚ್ರೆ." ಇನ್ನೊಂದು ಹೆಜ್ಜೆ. "ಎರಡು." ಹದಿನಾಲ್ಕು, ಹದಿನೈದು. ನಡುವೆ ಅಮ್ಮ ನಿಂತರೆ ದನಿಯೂ ನಿಲ್ಲುತ್ತಿತ್ತು. ಇಪ್ಪತ್ತೊಂದು ಆದ ಮೇಲೆ, "ಆತಾ?" ಎಂದು ಕೇಳಿತು. ಅಮ್ಮ ತಲೆಯೆತ್ತಿ, ಕ್ಲಾಸಿನ ಕೊನೆಯ ಬೆಂಚಿಗೆ ಕೇಳುವಂತೆ, "ಆತು, ಇಳಿದೆ!" ಎಂದಳು.

ಮೂರನೆಯ ದಿನ ಬೆಳಿಗ್ಗೆ ಅವರು ಹೋದರು. ಕೆಳಗೆ ತಂದು ಕೌಂಟರಿನ ಮುಂದೆ ಮಲಗಿಸಿದ್ದರು. ಅಮ್ಮ ಮೆಟ್ಟಿಲಿಲ್ಲದ ದಾರಿಯಲ್ಲಿ ನಡೆದು ಬಂದು ತಲೆಯ ಹತ್ತಿರ ಕೂತಳು. ಅವರ ಬಲಗಿವಿಯ ಮಡಿಕೆಯಲ್ಲಿ, ಕೆನ್ನೆಯವರೆಗೂ, ಸುಣ್ಣ ಮೆತ್ತಿತ್ತು. ಅವರ ಹೆಂಡತಿ ಸೆರಗೆತ್ತಿ ಒರೆಸಲು ಹೋದರು. ಅಮ್ಮ ಆ ಕೈಯನ್ನು ಹಿಡಿದುಕೊಂಡಳು.

"ಈಗಲೇ ಬೇಡ ತಂಗಿ. ಇನ್ನಷ್ಟು ಹೊತ್ತು ಇರಲಿ."

ನಾನು ಆ ಕಿವಿಯನ್ನೇ ನೋಡುತ್ತ ನಿಂತೆ. ಒಂದೇ ಕಡೆ ಅಷ್ಟು ಹೊತ್ತು ನಾನು ನಿಂತದ್ದು ಅದೇ ಮೊದಲು.